ಎರಡು ಪದ್ಯಕ್ಕೆ ಒಂದು ಸುತ್ತು

ಕೈಯಲ್ಲಿ ಉಣ್ಣೆಯ ಕಡ್ಡಿ ಹಿಡಿದುಕೊಂಡು ಗದುಗಿನ ಭಾರತ ಓದಿದರೆ ಎರಡರಲ್ಲಿ ಒಂದು ಕೆಟ್ಟೇ ಕೆಡುತ್ತದೆ ಎಂದು ನನ್ನ ನಾದಿನಿ ಹೇಳಿದ್ದರು. ಹೆಣಿಗೆಯಲ್ಲಿ ಅವರು ನನಗಿಂತ ಹಳಬರು. ಗಮಕ ಬಲ್ಲ ನನ್ನ ಸೋದರಮಾವನವರೂ ಬೇಡವೆಂದೇ ಅಂದರು. ಕೈ ಬೇರೆ ಕೆಲಸದಲ್ಲಿದ್ದರೆ ಕಾವ್ಯಕ್ಕೆ ಮರ್ಯಾದೆ ಕಡಿಮೆಯಾಗುತ್ತದೆ ಎಂಬುದು ಅವರ ಅಭಿಪ್ರಾಯ. ಕಳೆದ ಮಳೆಗಾಲದಲ್ಲಿ ಮೊಮ್ಮಗಳ ಸ್ವೆಟರ್ ಓದಿನ ಜೊತೆಜೊತೆಗೇ ಮುಗಿದ ಮೇಲೆ ಇಬ್ಬರೂ ಅದನ್ನು ಕೈಗೆ ತೆಗೆದುಕೊಂಡು ಒಳಮೈ ಹೊರಮೈ ಮಾಡಿ ನೋಡಿದ್ದಾರೆ. ಹೀಗೆ ಹೆಣೆದವರನ್ನು ನಮ್ಮ ತೀರ್ಥಹಳ್ಳಿಯ ಸುತ್ತಮುತ್ತ ನಾನಂತೂ ಇನ್ನೊಬ್ಬರನ್ನು ಕಂಡಿಲ್ಲ. ಹೆಣಿಗೆಯೂ ಓದೂ ಎರಡೂ ಗೊತ್ತಿರುವವರಿಗೆ ಉಪಯೋಗವಾಗಲಿ ಎಂದು ನಡೆದದ್ದನ್ನು ನಡೆದಂತೆ ಬರೆಯುತ್ತಿದ್ದೇನೆ.

ಐದಾರು ವರ್ಷಗಳ ಹಿಂದೆ ನಮ್ಮ ಯಜಮಾನರ ದೃಷ್ಟಿ ಗ್ಲಾಕೋಮಾದಿಂದ ಕುಗ್ಗಿ, ಪುಸ್ತಕ ಓದುವುದು ಅವರಿಗೆ ಆಗದಂತಾಯಿತು. ಬಾಲ್ಯದಲ್ಲಿ ತಂದೆಯವರ ಬಾಯಲ್ಲಿ ಭಾರತ ಕೇಳಿ ಬೆಳೆದವರು; ಸಂಜೆ ದೀಪ ಹಚ್ಚಿದ ಮೇಲೆ ಒಂದು ಗಂಟೆ ಓದಿ ಹೇಳಬೇಕೆಂಬುದನ್ನು ಬಿಟ್ಟರೆ ಅವರು ನನ್ನಿಂದ ಬೇರೇನೂ ಕೇಳಲಿಲ್ಲ. ಅದೇ ಸಮಯಕ್ಕೆ ಮಗ ಸಂಸಾರದೊಂದಿಗೆ ಟೊರಾಂಟೋಕ್ಕೆ ಹೋದ. ಅಲ್ಲಿಯ ಚಳಿಗೆ ಅಂಗಡಿಯ ಜಾಕೆಟ್ ಇದ್ದೇ ಇರುತ್ತದೆ, ಆದರೂ ಅದರೊಳಗೆ ತೊಡಲು ನನ್ನ ಕೈಯದೊಂದು ಸ್ವೆಟರ್ ಇರಲಿ ಎಂದು ನನಗೆ ಅನಿಸಿತು. ದಿನವೆಲ್ಲ ಅಡಿಗೆ, ಕೊಟ್ಟಿಗೆ, ಅತ್ತೆಯವರ ಆರೈಕೆ. ಹೆಣೆಯಲು ನನಗೆ ಸಿಗುತ್ತಿದ್ದುದು ಆ ಒಂದು ಗಂಟೆ ಮಾತ್ರ, ಅದನ್ನು ಅವರಿಗೆ ಕೊಟ್ಟಾಗಿತ್ತು.

ಮೊದಲ ವರ್ಷ ಗದ್ಯ ಓದಿದೆ. ಕಥೆ ಬಿಗಿಯಾದಲ್ಲಿ ಕೈ ನಿಲ್ಲುತ್ತಿತ್ತು, ಕುಣಿಕೆ ಎಣಿಸುವಲ್ಲಿ ಬಾಯಿ ನಿಲ್ಲುತ್ತಿತ್ತು. ನಡುನಡುವೆ ನಾನು 'ಮೂವತ್ತೆಂಟು, ಮೂವತ್ತೊಂಬತ್ತು' ಎನ್ನುವುದು ಅವರಿಗೂ ಕೇಳಿಸುತ್ತಿತ್ತು. ಆ ವರ್ಷದ ಸ್ವೆಟರಿನಲ್ಲಿ ಒಂದು ತೋಳು ಇನ್ನೊಂದಕ್ಕಿಂತ ಒಂದೂವರೆ ಇಂಚು ಉದ್ದವಾಯಿತು. ಸಾಲು ಎಣಿಸಲು ಕಡ್ಡಿಯ ತುದಿಗೆ ಸಿಕ್ಕಿಸುವ ಪ್ಲಾಸ್ಟಿಕ್ಕಿನ ಎಣಿಕೆಗಾಲಿ ತರಿಸಿದೆ; ಅದನ್ನು ತಿರುಗಿಸಲು ಮರೆತ ದಿನಗಳೇ ಹೆಚ್ಚು. ಧ್ವನಿಮುದ್ರಿಕೆ ಹಾಕಿ ನಾನು ಸುಮ್ಮನೆ ಹೆಣೆಯುವುದನ್ನೂ ಒಂದು ವಾರ ಮಾಡಿ ನೋಡಿದೆ. ಯಜಮಾನರು ಏನೂ ಹೇಳದೆ ಕೇಳಿದರು, ಎಂಟನೆಯ ದಿನ ಬೇಗ ಮಲಗಿದರು. ಅಂದೇ ಅದನ್ನು ಬಿಟ್ಟೆ. ಎರಡು ವರ್ಷಗಳಲ್ಲಿ ಬಿಚ್ಚಿ ಹಾಳಾದ ಉಣ್ಣೆ, ಬೇಡದ ಸಾಮಾನು ಎಲ್ಲ ಸೇರಿ ಸುಮಾರು 2,600 ರೂಪಾಯಿ ಹೋಗಿರಬೇಕು. ಬಿಚ್ಚಿದ ಉಣ್ಣೆಯನ್ನು ಲಡಿ ಮಾಡಿ, ನೆನೆಸಿ, ಕೆಳಗೆ ಭಾರ ಕಟ್ಟಿ ಒಣಗಿಸಿದರೆ ಸುಕ್ಕು ಹೋಗುತ್ತದೆ ಎಂಬುದು ನಿಮಗೆಲ್ಲ ಗೊತ್ತು. ಆದರೆ ಆಷಾಢದ ಮಳೆಯಲ್ಲಿ ನಮ್ಮಲ್ಲಿ ಒಂದು ಲಡಿ ಒಣಗಲು ನಾಲ್ಕು ದಿನ ಬೇಕು.

ಮೂರನೆಯ ವರ್ಷ ಅವರ ಇಷ್ಟದಂತೆ ಗದುಗಿನ ಭಾರತವನ್ನು ಆದಿಪರ್ವದಿಂದಲೇ ಹಿಡಿದೆ. ನನ್ನ ತವರು ಶಿವಮೊಗ್ಗದ ಬಳಿ, ಗಮಕಕ್ಕೆ ಹೆಸರಾದ ಹೊಸಹಳ್ಳಿಯಿಂದ ದೂರವೇನಲ್ಲ. ಹಾಡುವ ಕ್ರಮ ಅಷ್ಟಿಷ್ಟು ಕಿವಿಯಲ್ಲಿತ್ತು. ಪಾದಗಳನ್ನು ಮರಳಿಸಿ ಹಾಡಿ, ಎರಡು ಮಾತು ಅರ್ಥ ಹೇಳಿದರೆ ಒಂದು ಪದ್ಯಕ್ಕೆ ಮೂರೂವರೆ ನಿಮಿಷ ಹಿಡಿಯುತ್ತದೆ. ಕಡ್ಡಿಯ ಮೇಲೆ ನೂರರ ಆಸುಪಾಸು ಕುಣಿಕೆಗಳಿದ್ದವು, ಒಂದು ಸಾಲಿಗೂ ಅಷ್ಟೇ ಹೊತ್ತು. ಒಂದು ಸಂಜೆ ಆರೇಳು ಪದ್ಯಗಳು ಮುಗಿಯುವಾಗ ಆರೇಳು ಸಾಲುಗಳೂ ಮುಗಿದಿದ್ದವು. ರಾತ್ರಿ ಮಲಗುವ ಮುಂಚೆ ಕಾಗದ ತೆಗೆದುಕೊಂಡು ಪದ್ಯದ ಮಾತ್ರೆಗಳನ್ನು, ಅಂದರೆ ಅಕ್ಷರ ಉಚ್ಚರಿಸಲು ಹಿಡಿಯುವ ಕಾಲದ ಅಳತೆಗಳನ್ನು, ಎಣಿಸಿದೆ. ಗದುಗಿನ ಭಾರತದ ಭಾಮಿನಿ ಷಟ್ಪದಿಯ ನಾಲ್ಕು ಚಿಕ್ಕ ಪಾದಗಳಿಗೆ 14ರಂತೆ 56, ಎರಡು ದೊಡ್ಡ ಪಾದಗಳಿಗೆ 23ರಂತೆ 46, ಒಟ್ಟು 102. ಮೂರು ನಾಲ್ಕರ ಜೋಡಿಗಳು ಹದಿನಾಲ್ಕು, ಅಂದರೆ 98. ಉಳಿದ ನಾಲ್ಕು ಮಾತ್ರೆಗಳು ಎರಡು ಗುರುಗಳವು, ಅಂದರೆ ಎರಡೆರಡು ಮಾತ್ರೆ ಹಿಡಿಯುವ ಅಕ್ಷರಗಳವು. ಮಾತ್ರೆಗೊಂದು ಕುಣಿಕೆಯಂತೆ ಮೂರು ಪ್ಲೇನ್ (ಉಬ್ಬುವ ಕುಣಿಕೆ), ನಾಲ್ಕು ಪರ್ಲ್ (ತಗ್ಗುವ ಕುಣಿಕೆ) ಎಂದು ಪಟ್ಟಿ ಹಾಕಿದರೆ ಇಡೀ ಪದ್ಯ ಕಡ್ಡಿಯ ಮೇಲೆ ಕೂರುತ್ತದೆ ಎಂದು ಹೊಳೆದು ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಮರುದಿನವೇ 102 ಕುಣಿಕೆ ಹಾಕಿ ಶುರು ಮಾಡಿದೆ, ಅದೂ ಕೆಟ್ಟಿತು. ಹೋಗುವ ಸಾಲಿನಲ್ಲಿ ಮೂರು-ನಾಲ್ಕು ಸರಿಯಾಗಿ ಬರುತ್ತದೆ. ತಿರುಗಿ ಬರುವ ಸಾಲಿನಲ್ಲಿ ಅದೇ ಪಟ್ಟಿ ನಾಲ್ಕು-ಮೂರಾಗುತ್ತದೆ. ಕಿವಿ ಒಂದನ್ನು ಹೇಳುತ್ತದೆ, ಬೆರಳು ಇನ್ನೊಂದನ್ನು ಮಾಡಬೇಕು. ಎರಡು ವಾರ ಹಟ ಹಿಡಿದು ಕೂತೆ, ಸಾಧ್ಯವಾಗಲಿಲ್ಲ. ನಾದಿನಿಯವರು 'ನಾನು ಮೊದಲೇ ಹೇಳಿರಲಿಲ್ಲವೇ ಅತ್ತಿಗೆ' ಎಂದದ್ದು ಆಗಲೇ. ದಾರಿ ತೋರಿದ್ದು ಟೋಪಿ ಹೆಣೆಯಲೆಂದು ತಂದಿಟ್ಟಿದ್ದ, ನಡುವೆ ವೈರ್ ಇರುವ ದುಂಡು ಕಡ್ಡಿ. ಸುತ್ತು ಹೆಣಿಗೆಯಲ್ಲಿ ಹಿಮ್ಮುಖದ ಸಾಲೇ ಇಲ್ಲ, ಯಾವಾಗಲೂ ಮೂರು-ನಾಲ್ಕೇ. 24 ಇಂಚಿನ ಕಡ್ಡಿಗೆ 204 ಕುಣಿಕೆ ಹಾಕಿದೆ: ಎದೆಗೆ ಒಂದು ಪದ್ಯ, ಬೆನ್ನಿಗೆ ಒಂದು ಪದ್ಯ.

ಇದರಲ್ಲಿ ನಾನು ಎಣಿಸದೆಯೇ ಬಂದ ಲಾಭವೊಂದಿದೆ. ಗುರು ಬರುವುದು ಮೂರನೆಯ ಮತ್ತು ಆರನೆಯ ಪಾದಗಳ ಕೊನೆಯಲ್ಲಿ. ಹೀಗಾಗಿ 49 ಕುಣಿಕೆಗಳಾದ ಮೇಲೆ ಎರಡು, ಮತ್ತೆ 49 ಆದ ಮೇಲೆ ಎರಡು. ಮೊದಲ ಗುರು ಎದೆಯ ನಟ್ಟನಡುವೆ ಬೀಳುತ್ತದೆ, ಎರಡನೆಯದು ಪಕ್ಕೆಯಲ್ಲಿ. 'ವಿ' ಕತ್ತನ್ನು ಎಲ್ಲಿ ಸೀಳಬೇಕೆಂದು ಅಳತೆಪಟ್ಟಿ ಹಿಡಿಯುವ ಅಗತ್ಯವೇ ಇಲ್ಲ, ಪದ್ಯವೇ ಗುರುತು ಮಾಡಿಕೊಟ್ಟಿರುತ್ತದೆ. ಗುರುವಿನ ಎರಡು ಕುಣಿಕೆಗಳನ್ನು ಒಂದರ ಮೇಲೊಂದು ಹಾಯಿಸಿ ಒಂದೇ ಎಳೆಯಂತೆ ಎದ್ದು ಕಾಣುವ ಹಾಗೆ ಹೆಣೆಯುತ್ತೇನೆ. ಅದು ಮುಂದಿನ ಮೂರು ಪ್ಲೇನಿನೊಂದಿಗೆ ಬೆರೆಯದಂತೆ ತಡೆಯಲು ಒಂದು ಉಪಾಯವಿದೆ. ಎರಡು ವರ್ಷ ಪಟ್ಟ ಕಷ್ಟದ ಫಲವಾದ್ದರಿಂದ ಸದ್ಯಕ್ಕೆ ಅದು ನನ್ನಲ್ಲೇ ಇರಲಿ.

ಮಾತ್ರೆಗೊಂದು ಕುಣಿಕೆಯಂತೆ ತಾಳ ಹಾಕಿಕೊಂಡು ಓದುತ್ತೇನೆಂದು ಯಾರೂ ತಿಳಿಯಬಾರದು. ಬಾಯಿ ಕೈಗಿಂತ ಬಹಳ ವೇಗ. ಕಿವಿಯಲ್ಲಿ ಮೂರು-ನಾಲ್ಕರ ನಡೆ ನಿಂತಿದ್ದರೆ ಬೆರಳು ತಾನಾಗಿ ಅದನ್ನು ಹಿಡಿಯುತ್ತದೆ, ಪದ್ಯ ಮುಗಿದಾಗ ಪಕ್ಕೆಯ ಗುರು ತಲುಪಿರಬೇಕು, ಅಷ್ಟೇ. ಕೈ ಹಿಂದೆ ಬಿದ್ದರೆ ಅರ್ಥವನ್ನು ಸ್ವಲ್ಪ ಹಿಗ್ಗಿಸುತ್ತೇನೆ. ಸುತ್ತು ಎಣಿಸುವ ಕೆಲಸವಂತೂ ಪೂರ್ತಿ ತಪ್ಪಿತು, ಏಕೆಂದರೆ ಸಂಧಿಯ, ಅಂದರೆ ಅಧ್ಯಾಯದ, ಪದ್ಯಸಂಖ್ಯೆಯನ್ನು ಎರಡರಿಂದ ಭಾಗಿಸಿದರೆ ಸುತ್ತಿನ ಸಂಖ್ಯೆ ಸಿಗುತ್ತದೆ. ಒಂದು ಸಂಜೆಗೆ ಹದಿನಾಲ್ಕು ಹದಿನಾರು ಪದ್ಯ, ಅಂದರೆ ಸುಮಾರು ಒಂದು ಇಂಚು.

ಅಳತೆಯಲ್ಲಿ ಒಂದು ಪೆಟ್ಟು ತಿಂದೆ. ನಾಲ್ಕೆಳೆ ಉಣ್ಣೆಗೆ ರೂಢಿಯಂತೆ 10 ನಂಬರಿನ ಕಡ್ಡಿ ಹಿಡಿದಾಗ ಇಂಚಿಗೆ ಏಳು ಕುಣಿಕೆ ಬಂದು, ಲೆಕ್ಕದಲ್ಲಿ 29 ಇಂಚು ಸುತ್ತಳತೆ ಆಗಬೇಕಿತ್ತು. ಆದರೆ ಪಟ್ಟಿ ಹೆಣಿಗೆ ಒಳಗೆಳೆದುಕೊಳ್ಳುತ್ತದೆಯಲ್ಲ, ಕೈಗೆ ಬಂದದ್ದು 25ರ ಆಸುಪಾಸು. ಅದನ್ನು ಪಕ್ಕದ ಮನೆಯ ಐದು ವರ್ಷದ ಹುಡುಗನಿಗೆ ಕೊಟ್ಟೆ. ಈಗ ಅದಕ್ಕಿಂತ ದಪ್ಪನೆಯ 9 ನಂಬರಿನ ಕಡ್ಡಿಯೇ ಗತಿ, ಎಂಟು ವರ್ಷದ ಮಗುವಿಗೆ ಹದವಾಗಿ ಕೂರುತ್ತದೆ.

ಪುಸ್ತಕಕ್ಕೆ ಊರಿನ ಬಡಗಿಯಿಂದ ಹಲಸಿನ ಮರದ ವ್ಯಾಸಪೀಠ ಮಾಡಿಸಿದೆ, 350 ರೂಪಾಯಿ. ಮಾಮೂಲಿ ಪೀಠಕ್ಕಿಂತ ಒಂದು ಗೇಣು ಎತ್ತರ, ಕೆಳಗೆ ಎರಡು ಹಲ್ಲು. ಹಾಳೆಯನ್ನು ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಹಿಡಿಸುತ್ತೇನೆ. ಹಾಳೆ ಮಗುಚುವುದು ಅತ್ತೆಯವರ ಕೆಲಸ. ಎಂಬತ್ತೆಂಟರ ವಯಸ್ಸಿನಲ್ಲಿ ನಾನು ತಲೆಯಾಡಿಸಿದ ಕೂಡಲೆ ತಪ್ಪದೆ ಮಗುಚುತ್ತಾರೆ.

ಬೇರೆ ಛಂದಸ್ಸುಗಳನ್ನೂ ಬಿಡಲಿಲ್ಲ. ಜೈಮಿನಿ ಭಾರತದ ವಾರ್ಧಕ ಷಟ್ಪದಿಯಲ್ಲಿ ಐದು ಮಾತ್ರೆಗಳ ಗಣ, ಪದ್ಯಕ್ಕೆ 144 ಮಾತ್ರೆ. ಮೂರು ಪ್ಲೇನ್ ಎರಡು ಪರ್ಲ್ ಹಾಕಿ ಎರಡು ಪದ್ಯಕ್ಕೆ 288 ಕುಣಿಕೆ ಮಾಡಿದರೆ 40 ಇಂಚಿನ ಗಂಡಸರ ಸ್ವೆಟರ್ ಸಿದ್ಧ. ಮಕ್ಕಳಿಗೆ ಗದುಗಿನ ಭಾರತ, ದೊಡ್ಡವರಿಗೆ ಜೈಮಿನಿ ಭಾರತ ಎಂದು ಮನೆಯಲ್ಲಿ ಈಗ ರೂಢಿಯಾಗಿದೆ. ರಗಳೆಗೆ ಪಾದಗಳ ಮಿತಿಯಿಲ್ಲದ್ದರಿಂದ ಮಫ್ಲರಿಗೆ ಚೆನ್ನಾಗಿ ಒಗ್ಗಿತು. ವಚನ ಓದುವಾಗ ನಾನು ಕಡ್ಡಿ ಹಿಡಿಯುವುದಿಲ್ಲ. ಎರಡು ಸಲ ಪ್ರಯತ್ನಿಸಿ, ಕೈ ಸುಮ್ಮನಿರುವುದೇ ಸರಿ ಎಂದು ಬಿಟ್ಟೆ. ಚಳ್ಳಕೆರೆಯ ಕಡೆಯಿಂದ ಕಂಬಳಿಯ ಕುರಿಯುಣ್ಣೆ ತರಿಸಿ ಹೆಣೆದದ್ದೂ ಉಂಟು. ಬೆಚ್ಚಗಿತ್ತು, ಆದರೆ ಮೈಗೆ ಚುಚ್ಚುತ್ತದೆ. ಅದು ಈಗ ಯಜಮಾನರು ಕೂರುವ ಜಗಲಿಯ ಮೇಲಿನ ಹಾಸು.

ಉಣ್ಣೆಯ ವಿಷಯದಲ್ಲಿ ಎರಡು ನಷ್ಟಗಳನ್ನು ಹೇಳಲೇಬೇಕು. ಒಂದು ಅಂಗಡಿಯಲ್ಲಿ ನಾಲ್ಕು ಉಂಡೆ ಕೊಂಡು, ಸಾಲದೆ ಮತ್ತೆ ಎರಡು ತಂದಾಗ ಬಣ್ಣದ ಪಾಕ ಬೇರೆಯಾಗಿತ್ತು. ಹಗಲಿನಲ್ಲಿ ಕಂಡದ್ದು ದೀಪದ ಬೆಳಕಿನಲ್ಲಿ ತಿಳಿದಿರಲಿಲ್ಲ. ಅಂದಿನಿಂದ 50 ಗ್ರಾಂನ ಆರು ಉಂಡೆಗಳನ್ನು ಒಟ್ಟಿಗೇ, ಲಾಟ್ ನಂಬರ್ ನೋಡಿಯೇ ತರುತ್ತೇನೆ. 550 ರೂಪಾಯಿಯೊಳಗೆ ಮಗುವಿನದು ಮುಗಿಯುತ್ತದೆ. ಎರಡನೆಯದು ದೊಡ್ಡ ನಷ್ಟ. ಮಗನಿಗೆ ಕಳಿಸಿದ ಅಪ್ಪಟ ಉಣ್ಣೆಯ ಸ್ವೆಟರನ್ನು ಅಲ್ಲಿ ಬಿಸಿನೀರಿನ ಮಷೀನಿಗೆ ಹಾಕಿದರು. ಗಟ್ಟಿ ಕಂಬಳಿಯ ತುಂಡಿನಂತಾಗಿ, ಅಂಗೈ ಅಗಲದಷ್ಟು ಕುಗ್ಗಿತು. ಸೊಸೆ ಫೋನಿನಲ್ಲಿ ಅತ್ತಳು, ನಾನು ಸಮಾಧಾನ ಮಾಡಿದೆ. ಅಂಚೆಯ ಖರ್ಚೂ ಸೇರಿ 3,000ಕ್ಕೆ ಕಡಿಮೆಯಿಲ್ಲ. ಈಗ ಮಷೀನಿಗೆ ತಾಳುವಂತೆ ಸಂಸ್ಕರಿಸಿದ ಉಣ್ಣೆಯನ್ನೇ ಕೇಳಿ ತರಿಸುತ್ತೇನೆ, ಬೆಲೆ ಒಂದೂವರೆ ಪಟ್ಟು.

ಮೊಮ್ಮಗಳ ಸ್ವೆಟರ್ ಏಳೆಂಟು ಇಂಚು ಬಂದಿದ್ದಾಗ ಯಜಮಾನರು ಅದನ್ನು ತೊಡೆಯ ಮೇಲೆ ಹರಡಿಕೊಂಡು ಬೆರಳಾಡಿಸುತ್ತಿದ್ದರು. ಉಬ್ಬಿದ ಮೂರರ ಮೇಲೆ ಬೆರಳು, ತಗ್ಗಿದ ನಾಲ್ಕರ ಮೇಲೆ ಬೆರಳು, ಗುರು ಬಂದಲ್ಲಿ ನಿಲುಗಡೆ; ತುಟಿ ಸಣ್ಣಗೆ ಅಲ್ಲಾಡುತ್ತಿತ್ತು. ಬೆನ್ನಿನ ಕಡೆ ಒಂದೆಡೆ ಬೆರಳು ನಿಲ್ಲಿಸಿ 'ಇಲ್ಲಿ ಮಾತ್ರೆ ಕೆಟ್ಟಿದೆ ನೋಡು' ಎಂದರು. ಕನ್ನಡಕ ಹಾಕಿಕೊಂಡು ನೋಡಿದರೆ ಮೂರರ ಜಾಗದಲ್ಲಿ ನಾಲ್ಕು ಪ್ಲೇನ್ ಬಿದ್ದು, ಪಕ್ಕದಲ್ಲಿ ಪರ್ಲ್ ಮೂರೇ ಇತ್ತು. ಆರು ಸುತ್ತು ಬಿಚ್ಚಿದೆ. ಅಂದಿನಿಂದ ಪ್ರತಿ ಸಂಜೆ ಓದು ಮುಗಿದ ಮೇಲೆ ಹೆಣೆದಷ್ಟನ್ನು ಅವರ ಕೈಗೆ ಕೊಡುತ್ತೇನೆ.

ಕಂಕುಳು ತಲುಪಿದ ಮೇಲೆ ಸುತ್ತು ಒಡೆಯುತ್ತದೆ. ಮತ್ತೆ ಹೋಗುವ ಬರುವ ಸಾಲುಗಳು, ಕುಣಿಕೆ ಕಳೆಯುವ ಲೆಕ್ಕ. ಅಲ್ಲಿ ನಾನು ಓದುವುದಿಲ್ಲ. ಆ ನಾಲ್ಕೈದು ಸಂಜೆ ಯಜಮಾನರು ತಮಗೆ ಕಂಠಪಾಠವಿರುವ ಪದ್ಯಗಳನ್ನು ಹೇಳುತ್ತಾರೆ, ನಾನು ಬಾಯಿ ಮುಚ್ಚಿ ಎಣಿಸುತ್ತೇನೆ. ಈಗ ಕಡ್ಡಿಯ ಮೇಲೆ ಅವರದೇ ಸ್ವೆಟರ್ ಇದೆ, ಬೂದು ಬಣ್ಣ, 288 ಕುಣಿಕೆ. ಕಂಕುಳಿಗೆ ಇನ್ನೂ ಅರವತ್ತು ಪದ್ಯ ಬೇಕು.