ಮಡಿಕೇರಿಯ ಮಳೆಗಾಲ ಮತ್ತು ನನ್ನ ತಂಬೂರಿ

ಮಡಿಕೇರಿಯಲ್ಲಿ ಜೂನ್ ಮಳೆ ಹಿಡಿದು ಮೂರು ದಿನವಾಗುವಷ್ಟರಲ್ಲಿ ನನ್ನ ತಂಬೂರಿಯ ಬಿರಡೆಗಳು, ಎಂದರೆ ತಂತಿ ಬಿಗಿಸುವ ಮರದ ತಿರುಗಣೆಗಳು, ಉಬ್ಬಿ ಬಿಗಿಯಾಗುತ್ತವೆ. ಹಲಸಿನ ಮರದಲ್ಲಿ ಕಡೆದ ತಂಜಾವೂರು ಮಾದರಿಯ ಈ ವಾದ್ಯ ಮನೆಗೆ ಬಂದ ಮೊದಲ ವರ್ಷ, ತೇವ ತಗಲಬಾರದೆಂದು ಅದನ್ನು ಅಡುಗೆಮನೆಯ ಒಲೆಯ ಪಕ್ಕದ ಗೋಡೆಗೆ ಒರಗಿಸಿಟ್ಟಿದ್ದೆ. ವಾರ ಕಳೆಯುವುದರೊಳಗೆ ವಾದ್ಯದ ಉದ್ದನೆಯ ಕತ್ತಾದ ದಂಡಿ ಕೆಳಗಿನ ಟೊಳ್ಳು ಬುರುಡೆಗೆ ಸೇರುವಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತು. ಆಗ ಪಟ್ಟ ಸಂಕಟ ಈಗಲೂ ನೆನಪಿದೆ. ಅಂದಿನಿಂದ ಒಳಕೋಣೆಯಲ್ಲಿ, ಹೊರಗೋಡೆಯಿಂದಲೂ ಒಲೆಯಿಂದಲೂ ದೂರ, ಹತ್ತಿಬಟ್ಟೆಯ ಗವಸು ಹಾಕಿ ಇಡುತ್ತೇನೆ. ಬೇಸಿಗೆಯಲ್ಲಿ ಬಿರಡೆ ಜಾರಿದರೆ ಸೀಮೆಸುಣ್ಣದ ಪುಡಿ ಸಾಕು.

ಹೆಚ್ಚು ತಾಳ್ಮೆ ಬೇಡುವುದು ಕುದುರೆಯ, ಎಂದರೆ ಬುರುಡೆಯ ಮೇಲೆ ತಂತಿಗಳನ್ನು ಎತ್ತಿ ಹಿಡಿಯುವ ಸೇತುವೆಯ, ಮೇಲಿನ ಕೆಲಸ. ಸಾರಣಿ, ಅನುಸಾರಣಿ ಎಂಬ ನಡುವಿನ ಎರಡು ತಂತಿಗಳನ್ನು ಷಡ್ಜಕ್ಕೆ, ಮೊದಲ ತಂತಿಯನ್ನು ಪಂಚಮಕ್ಕೆ, ಕೊನೆಯದನ್ನು ಮಂದ್ರ ಷಡ್ಜಕ್ಕೆ ಸೇರಿಸಿದ ಮೇಲೆ, ಪ್ರತಿ ತಂತಿಯಡಿಯೂ ನೂಲಿನ ಎಳೆಯೊಂದನ್ನು ತೂರಿಸಿ, ಮೀಟುತ್ತಲೇ ಹಿಂದೆ ಮುಂದೆ ಸರಿಸುತ್ತೇನೆ. ಒಂದೆಡೆ ನಾದ ಮಂಕಾಗಿರುತ್ತದೆ. ಅಕ್ಕಿಕಾಳಿನ ದಪ್ಪದಷ್ಟು ಸರಿದರೆ ತಂತಿ ಕುದುರೆಯ ಬಾಗಿದ ಮೈಯನ್ನು ಸವರುತ್ತ ಝೇಂಕರಿಸತೊಡಗುತ್ತದೆ. ಆ ಎಳೆಗೆ ಜೀವ ಎಂಬ ಹೆಸರು ಸರಿಯಾಗಿಯೇ ಬಂದಿದೆ. ಮೀಟಿದ ಜಾಗದಿಂದಾಗಿ ಕೇಳಿಸಲೇಬಾರದಾದ ಮೇಲ್ಸ್ವರಗಳೂ (ಮೂಲ ಸ್ವರದೊಡನೆ ಹುಟ್ಟುವ ಏರುದನಿಗಳು) ಇಲ್ಲಿ ಮೊಳಗುವುದನ್ನು ಸಿ. ವಿ. ರಾಮನ್ 1921ರಲ್ಲಿ ವಿವರಿಸಿದ್ದು ಇದೇ ಕುದುರೆಯನ್ನು ಕುರಿತು. ನಮ್ಮಲ್ಲಿ ನೂಲು ತೇವ ಹೀರಿ ದಪ್ಪವಾಗುವುದರಿಂದ, ಅದರ ಉರುಳೆಯನ್ನು ಅಕ್ಕಿ ಹಾಕಿದ ಮುಚ್ಚಳದ ಡಬ್ಬಿಯಲ್ಲಿಡುವುದು ನನ್ನ ರೂಢಿ.

ಉದ್ದನೆಯ ದಂಡಿ ಬೇರೆ ನಾಡುಗಳ ವಾದ್ಯಗಳಿಗೂ ಇದೆ, ಆದರೆ ಅದರ ಕೆಲಸ ಬೇರೆ. ಇರಾನಿನ ಸೆತಾರ್ ಮತ್ತು ತುರ್ಕಿಯ ಬಾಗ್ಲಮಾಗಳಲ್ಲಿ ದಂಡಿಗೆ ಎಳೆ ಸುತ್ತಿ ಕಟ್ಟಿದ, ಸರಿಸಬಹುದಾದ ಸ್ವರದ ಮೆಟ್ಟಿಲುಗಳ ಮೇಲೆ ಎಡಗೈ ಓಡಾಡುತ್ತದೆ. ಕಜಕಸ್ತಾನದ ಎರಡು ತಂತಿಯ ದೊಂಬ್ರಾದಲ್ಲಿಯೂ ರಾಗ ಹುಟ್ಟುವುದು ಅಲ್ಲಿಯೇ. ತಂಬೂರಿಯ ದಂಡಿಯನ್ನು ಯಾವ ಬೆರಳೂ ಒತ್ತುವುದಿಲ್ಲ. ಅದು ತಂತಿಯನ್ನು ಉದ್ದಕ್ಕೆ ಎಳೆದು ಹಿಡಿದಿರಬೇಕು, ಅಷ್ಟೆ. ಆದ್ದರಿಂದಲೇ ಮರ ತುಸು ಬಾಗಿದರೂ ಶ್ರುತಿಯನ್ನು ಮರಳಿ ಸೇರಿಸಿ ಸರಿಪಡಿಸಿಕೊಳ್ಳಬಹುದು.

ಜುಲೈ–ಆಗಸ್ಟ್‌ನ ನಡುವೆ ಬರುವ ಕೊಡಗಿನ ಕಕ್ಕಡ ತಿಂಗಳಲ್ಲಿ ಹಾಡಲು ಕೂರುವ ಅರ್ಧ ಗಂಟೆ ಮೊದಲೇ ಗವಸು ತೆಗೆದು, ಕೋಣೆಯ ಗಾಳಿಗೆ ವಾದ್ಯ ಒಗ್ಗಿದ ಮೇಲಷ್ಟೇ ಬಿರಡೆ ಮುಟ್ಟುತ್ತೇನೆ. ಹಾಡು ಮುಗಿದೊಡನೆ ಬೆರಳಿನ ಬೆವರು ಉಳಿಯದಂತೆ ತಂತಿಗಳನ್ನು ಒಣಬಟ್ಟೆಯಿಂದ ಒರೆಸುತ್ತೇನೆ, ಆದರೂ ಉಕ್ಕಿನ ಮೂರರಲ್ಲಿ ತುಕ್ಕಿನ ಚುಕ್ಕೆ ಮೂಡದೆ ಇರುವುದಿಲ್ಲ. ಅಕ್ಟೋಬರ್‌ನಲ್ಲಿ ಕಾವೇರಿ ತೀರ್ಥೋದ್ಭವ ಕಳೆದು ಗಾಳಿ ಒಣಗಿದಾಗ ಅವನ್ನೂ ಹಿತ್ತಾಳೆಯ ಮಂದ್ರವನ್ನೂ ಬಿಚ್ಚಿ ಹೊಸ ತಂತಿ ಏರಿಸುತ್ತೇನೆ.