ಕಾಲರಾ ಹುಡುಕುವಾಗ ಮೊದಲು ಉಪ್ಪು ಅಳೆಯಬೇಕು

ಬಂಗಾಳದ ಕರಾವಳಿಯ ಕೊಳ, ಕಾಲುವೆಗಳಲ್ಲಿ ಕಾಲರಾ ಬ್ಯಾಕ್ಟೀರಿಯಾ ಹುಡುಕುವುದು ನನ್ನ ಕೆಲಸ. ಬಾಟಲಿ ಮುಳುಗಿಸುವ ಮೊದಲೇ ಉಷ್ಣಾಂಶ, ಲವಣಾಂಶ, ಪಿಎಚ್ ಬರೆದುಕೊಳ್ಳುತ್ತೇನೆ. ಸಾವಿರಕ್ಕೆ 5ರಿಂದ 25 ಪಾಲು ಉಪ್ಪಿರುವ ಬೆಚ್ಚನೆಯ ಅಳಿವೆ ನೀರು ಇದಕ್ಕೆ ಹೇಳಿ ಮಾಡಿಸಿದ್ದು. ಮಾರ್ಚ್‌ನಿಂದ ಮೇವರೆಗೆ ನದಿಯ ಹರಿವು ಇಳಿದು ಸಮುದ್ರದ ನೀರು ಒಳಕ್ಕೆ ನುಗ್ಗುತ್ತದೆ, ಕಾಲರಾ ತಲೆಯೆತ್ತುವುದೂ ಆಗಲೇ. ಮಳೆಗಾಲ ಮುಗಿಯುವಾಗಿನ ಎರಡನೇ ಅಲೆಯ ಕಾರಣವೇ ಬೇರೆ: ನೆರೆ ಬಂದು ಶೌಚದ ಗುಂಡಿಯನ್ನೂ ಕುಡಿಯುವ ಕೊಳವನ್ನೂ ಒಂದು ಮಾಡಿಬಿಡುತ್ತದೆ. ಎರಡನ್ನೂ ಒಂದೇ ವಾರ್ಷಿಕ ಸರಾಸರಿಗೆ ಸುರಿದರೆ ಸಮುದ್ರದ ಪಾತ್ರ ಕಾಣುವುದೇ ಇಲ್ಲ.

ಈ ಬ್ಯಾಕ್ಟೀರಿಯಾ ಕೋಪೆಪಾಡ್ ಎಂಬ ಸೂಕ್ಷ್ಮ ಜೀವಿಗಳ ಮೈಗೆ, ಮೊಟ್ಟೆಚೀಲಕ್ಕೆ ಅಂಟಿಕೊಂಡಿರುತ್ತದೆ. ಹಾಗಾಗಿ ಬರೀ ನೀರು ತಂದರೆ ಸಾಲದು. 100 ಲೀಟರ್ ನೀರನ್ನು 64 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲೇ ಮೈಕ್ರಾನ್) ಬಲೆಯಲ್ಲಿ, ಆಮೇಲೆ 20 ಮೈಕ್ರಾನ್ ಬಲೆಯಲ್ಲಿ ಸೋಸಿ, ಉಳಿದದ್ದನ್ನು ಗಾಜಿನ ಅರೆಯುವ ಕೊಳವೆಯಲ್ಲಿ ಅರೆಯುತ್ತೇನೆ. ಮಾದರಿಯನ್ನು ಮಂಜುಗಡ್ಡೆಯಲ್ಲಿ ಹೂತಿಡಬಾರದು. ಚಳಿ ತಾಗಿದರೆ ಬ್ಯಾಕ್ಟೀರಿಯಾ ಬದುಕಿದ್ದೂ ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಯದ ಸ್ಥಿತಿಗೆ ಜಾರುತ್ತದೆ, ವರದಿಯಲ್ಲಿ ‘ಇಲ್ಲ’ ಎಂದು ಬರುತ್ತದೆ.

ಅರೆದದ್ದನ್ನು ಮೊದಲು ಬ್ಯಾಕ್ಟೀರಿಯಾ ಹೆಚ್ಚಿಸುವ ಕ್ಷಾರೀಯ ದ್ರವಕ್ಕೆ ಹಾಕುತ್ತೇನೆ: ಲೀಟರಿಗೆ ಪೆಪ್ಟೋನ್ (ಪ್ರೋಟೀನ್ ಒಡೆದು ಮಾಡಿದ ಆಹಾರ) 10 ಗ್ರಾಂ, ಉಪ್ಪು 10 ಗ್ರಾಂ, ಪಿಎಚ್ 8.5. ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುವ ಪಾತ್ರೆ) ಆದಮೇಲೆ ಪಿಎಚ್ ಇಳಿದಿರುತ್ತದೆ, ಮತ್ತೆ ನೋಡಲೇಬೇಕು. 37 ಡಿಗ್ರಿಯಲ್ಲಿ 6ರಿಂದ 8 ಗಂಟೆ ಇಟ್ಟು, ಅಲುಗಾಡಿಸದೆ, ಮೇಲಿನ ತೆಳು ಕೆನೆಯಿಂದಲೇ ಲೂಪ್ (ತುದಿ ಬಳೆಯಾದ ತಂತಿ) ತುಂಬಿಸಿ ಟಿಸಿಬಿಎಸ್ ತಟ್ಟೆಗೆ, ಅಂದರೆ ಕಾಲರಾ ಕುಟುಂಬದ ಬ್ಯಾಕ್ಟೀರಿಯಾ ಬೆಳೆಸುವ ಅಗಾರ್‌ಗೆ, ಗೀರುತ್ತೇನೆ. ರಾತ್ರಿಯಿಡೀ ಬಿಟ್ಟರೆ ಬೇರೆ ಬ್ಯಾಕ್ಟೀರಿಯಾಗಳು ಮೇಲುಗೈ ಸಾಧಿಸುವ ಅಪಾಯವಿದೆ. ಟಿಸಿಬಿಎಸ್ ಅನ್ನು ಕುದಿಸಿದರೆ ಸಾಕು, ಆಟೋಕ್ಲೇವ್ ಕೂಡದು. 2–3 ಮಿಲಿಮೀಟರಿನ ಚಪ್ಪಟೆ ಹಳದಿ ಚುಕ್ಕೆ ಕಂಡ ಮಾತ್ರಕ್ಕೆ ಕಾಲರಾ ಎನ್ನಲಾಗದು, ಅದೇ ಕುಟುಂಬದ ಆಲ್ಜಿನೊಲಿಟಿಕಸ್ ಕೂಡ ಹಳದಿಯೇ. ಬ್ಯಾಕ್ಟೀರಿಯಾದ ಗುರುತು ಹಿಡಿಯಲು ಮಾಡುವ ಆಕ್ಸಿಡೇಸ್ ಎಂಬ ಕಿಣ್ವದ ಪರೀಕ್ಷೆಯನ್ನು ಈ ತಟ್ಟೆಯಿಂದ ನೇರವಾಗಿ ಮಾಡಿದರೆ ಫಲಿತಾಂಶ ನಂಬುವಂತಿಲ್ಲ, ಸಾದಾ ಅಗಾರ್‌ಗೆ ದಾಟಿಸಬೇಕು. ಕೊನೆಗೆ, ಸಾಂಕ್ರಾಮಿಕ ಹಬ್ಬಿಸುವ ಓ1, ಓ139 ಎಂಬ ಎರಡು ಬಗೆಗಳನ್ನು ಗುರುತಿಸುವ ಸೀರಂ ಪರೀಕ್ಷೆ. ಪರಿಸರದಲ್ಲಿ ಸಿಗುವ ಬಹುಪಾಲು ತಳಿಗಳು ಇವೆರಡೂ ಅಲ್ಲ, ಅವು ಸಾಂಕ್ರಾಮಿಕ ಹಬ್ಬಿಸುವಂಥವೂ ಅಲ್ಲ. ಇದನ್ನು ಹೇಳದೆ ‘ಕೊಳದಲ್ಲಿ ಕಾಲರಾ’ ಎಂದು ಊರಿಗೆ ತಿಳಿಸುವುದು ನನಗೆ ಒಪ್ಪಿಗೆಯಿಲ್ಲ.

ಕೋಪೆಪಾಡ್ ತಿನ್ನುವ ಪಾಚಿ ಎಲ್ಲಿ ಹೆಚ್ಚಿದೆ ಎಂದು ತೋರಿಸುವ ಉಪಗ್ರಹದ ಕ್ಲೋರೊಫಿಲ್ (ಪಾಚಿಯ ಹಸಿರು) ನಕ್ಷೆ ಮುನ್ಸೂಚನೆಗೆ ನೆರವಾಗುತ್ತದೆ, ಆದರೆ ನದೀಮುಖದ ಕೆಸರು ಕ್ಲೋರೊಫಿಲ್‌ನಂತೆ ಮೋಸಮಾಡುತ್ತದೆ, ಮಳೆಗಾಲದಲ್ಲಿ ಮೋಡವೇ ಅಡ್ಡ. ನಕ್ಷೆಯಲ್ಲಿ ಕರಾವಳಿಗೆ ಅಂಟಿದ ಚೌಕಗಳನ್ನು ನಾನು ಕೈಬಿಡುತ್ತೇನೆ.

ಬಾಂಗ್ಲಾದೇಶದ ಮತ್ಲಬ್‌ನಲ್ಲಿ ಹಳೆಯ ಹತ್ತಿ ಸೀರೆಯನ್ನು ನಾಲ್ಕು ಸಲ ಮಡಚಿ ನೀರು ಸೋಸಿದ ಮನೆಗಳಲ್ಲಿ ಕಾಲರಾ 48% ಇಳಿಯಿತು. ಆ ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ಒಗೆದೊಗೆದು ನೂಲು ಬಿರಿದಾಗ ರಂಧ್ರ ಸುಮಾರು 20 ಮೈಕ್ರಾನ್‌ಗೆ ಇಳಿಯುತ್ತದೆ, ಅದಕ್ಕೇ ಹೊಸ ಸೀರೆ ಅಷ್ಟು ಒದಗದು. ಕೋಪೆಪಾಡ್ ನಿಲ್ಲುತ್ತದೆ, ಬಿಡಿ ಬ್ಯಾಕ್ಟೀರಿಯಾ ನುಸುಳುತ್ತದೆ. ಸೋಸಿದ ಬಟ್ಟೆಯನ್ನು ಜಾಲಿಸಿ ಬಿಸಿಲಿಗೆ ಒಣಹಾಕಬೇಕು, ಒದ್ದೆಯಾಗಿಯೇ ಮಡಕೆಯ ಬಾಯಿಗೆ ಬಿಡಬಾರದು.