ಗೃಹಪ್ರವೇಶದ ದಿನ ಗೊತ್ತು ಮಾಡುವ ಮೊದಲು ಈ ಲೆಕ್ಕ ಹಾಕಿ

ಮೋಲ್ಡ್, ಅಂದರೆ ಛಾವಣಿಯ ಕಾಂಕ್ರೀಟ್, ಬಿದ್ದ ವಾರದಲ್ಲೇ ಮುಹೂರ್ತ ಕೇಳಿ ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸುವವರು ಬಹಳ. ಕೊನೆಗೆ ಸ್ವಿಚ್ ಬೋರ್ಡ್ ಇಲ್ಲದ ಗೋಡೆಗಳ ನಡುವೆ ಹಾಲುಕ್ಕಿಸುವ ಪಾಡು ಬರುತ್ತದೆ. ಮೇಸ್ತ್ರಿ ಮತ್ತು ಬಡಗಿ ಬೈಗುಳ ತಿನ್ನುತ್ತಾರೆ. ಯಾವ ಕೆಲಸ ಯಾವುದಕ್ಕಾಗಿ ಕಾಯಬೇಕು ಎಂಬುದನ್ನು ಮೊದಲೇ ಬರೆದಿಟ್ಟಿದ್ದರೆ ಈ ಜಗಳದ ಮುಕ್ಕಾಲು ಪಾಲು ಇರುತ್ತಿರಲಿಲ್ಲ.

ಬರೆದಿಡುವ ವಿಧಾನ ಹಳೆಯದೇ. 1957ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ಮೋರ್ಗನ್ ವಾಕರ್ ಮತ್ತು ಕಂಪ್ಯೂಟರ್ ತಯಾರಿಸುತ್ತಿದ್ದ ರೆಮಿಂಗ್ಟನ್ ರ್ಯಾಂಡ್‌ನ ಜೇಮ್ಸ್ ಕೆಲ್ಲಿ ರಾಸಾಯನಿಕ ಕಾರ್ಖಾನೆಗಳ ಕಾಮಗಾರಿಗಾಗಿ ಇದನ್ನು ರೂಪಿಸಿದರು. ಕ್ರಿಟಿಕಲ್ ಪಾತ್ ಎಂದು ಎಂಜಿನಿಯರುಗಳು ಹೇಳುವುದು ಇದನ್ನೇ. ಮನೆಯ ಮಟ್ಟಿಗೆ ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್ ಸಾಕು.

ಕೆಲಸಗಳ ಪಟ್ಟಿ ಮತ್ತು ದಿನ

ಮೊದಲು, ಉಳಿದಿರುವ ಕೆಲಸಗಳನ್ನೆಲ್ಲ ಒಂದರ ಕೆಳಗೊಂದು ಬರೆಯಿರಿ. ಪ್ರತಿಯೊಂದರ ಮುಂದೆ ಎಷ್ಟು ದಿನ ಬೇಕು, ಅದಕ್ಕೂ ಮೊದಲು ಏನು ಮುಗಿದಿರಬೇಕು ಎಂಬುದನ್ನು ಗುರುತು ಮಾಡಿ. ಈ ಎರಡನೆಯ ಕಲಮಿಗೆ ಡಿಪೆಂಡೆನ್ಸಿ ಎನ್ನುತ್ತಾರೆ. ಪೈಪ್ ಹೂಳದೆ ಪ್ಲಾಸ್ಟರಿಂಗ್ ಮಾಡಿದರೆ ಹೊಸ ಗೋಡೆಯನ್ನು ಮತ್ತೆ ಕೊರೆಯಬೇಕಾಗುತ್ತದೆ. ಈ ಕಲಮು ಖಾಲಿ ಬಿಟ್ಟ ಪಟ್ಟಿಯಿಂದ ಪ್ರಯೋಜನವಿಲ್ಲ.

ದಿನಗಳನ್ನು ಕೇಳುವಾಗ ಒಂದೇ ಸಂಖ್ಯೆಗೆ ಒಪ್ಪಬೇಡಿ. ಬೇಗ ಮುಗಿದರೆ ಎಷ್ಟು, ಸಾಮಾನ್ಯವಾಗಿ ಎಷ್ಟು, ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು) ಬರುವುದು ತಡವಾದರೆ ಎಷ್ಟು ಎಂದು ಮೂರು ಸಲ ಕೇಳಿ. ಒಳಗಿನ ಪ್ಲಾಸ್ಟರಿಂಗ್‌ಗೆ ಮೇಸ್ತ್ರಿ 10, 11, 18 ಎಂದರೆ ನಡುವಿನ ಸಂಖ್ಯೆಯನ್ನು ನಾಲ್ಕರಿಂದ ಗುಣಿಸಿ, ಉಳಿದೆರಡನ್ನು ಕೂಡಿಸಿ, ಆರರಿಂದ ಭಾಗಿಸಿ. 72 ಭಾಗಿಸು 6, ಅಂದರೆ 12 ದಿನ. 1958ರಲ್ಲಿ ಅಮೆರಿಕದ ನೌಕಾಪಡೆಯ ಪೊಲಾರಿಸ್ ಕ್ಷಿಪಣಿ ಯೋಜನೆಗಾಗಿ ರೂಪುಗೊಂಡ ಪರ್ಟ್ ವಿಧಾನದ ಸೂತ್ರವಿದು.

ದಾರಿ ಹುಡುಕುವುದು

ಒಂದಂತಸ್ತಿನ ಮನೆಯ ಉದಾಹರಣೆ ತೆಗೆದುಕೊಳ್ಳೋಣ. ಮೋಲ್ಡ್ ಹಾಕಿದ ಮೇಲೆ ಸೆಂಟ್ರಿಂಗ್ (ಕಾಂಕ್ರೀಟಿಗೆ ಕೆಳಗಿನಿಂದ ಆಧಾರ ಕೊಡುವ ಹಲಗೆ, ಕಂಬ) ಬಿಚ್ಚಲು 14 ದಿನ. ಗೋಡೆ ಕೊರೆದು ವಿದ್ಯುತ್ ಮತ್ತು ನೀರಿನ ಪೈಪ್ ಹೂಳಲು 6. ಒಳಗಿನ ಪ್ಲಾಸ್ಟರಿಂಗ್ 12, ಅದರ ಕ್ಯೂರಿಂಗ್ (ನೀರುಣಿಸಿ ಗಟ್ಟಿಯಾಗಲು ಬಿಡುವುದು) 7, ಟೈಲ್ಸ್ 10, ಬಾಗಿಲು ಕೂರಿಸಲು 2, ಪುಟ್ಟಿ ಮತ್ತು ಬಣ್ಣ 14, ಸ್ವಿಚ್ಚು, ನಲ್ಲಿ ಜೋಡಿಸಿ ಸ್ವಚ್ಛ ಮಾಡಲು 4. ಒಂದು ಮುಗಿಯದೆ ಇನ್ನೊಂದಿಲ್ಲ. ಒಟ್ಟು 69 ದಿನ.

ಇದರ ಪಕ್ಕದಲ್ಲೇ ಇನ್ನೊಂದು ಸಾಲು ಸಾಗುತ್ತಿರುತ್ತದೆ. ಚೌಕಟ್ಟುಗಳು ಗೋಡೆ ಕಟ್ಟುವಾಗಲೇ ನಿಂತಿವೆ. ಬಾಗಿಲುಗಳನ್ನು ಬಡಗಿ ತನ್ನ ಶೆಡ್ಡಿನಲ್ಲಿ 30 ದಿನದಲ್ಲಿ ಮಾಡುತ್ತಾನೆ. ಅವು ಬೇಕಾಗುವುದು ಟೈಲ್ಸ್ ಮುಗಿಯುವ 49ನೆಯ ದಿನಕ್ಕೆ. ಹಾಗಾಗಿ ಅವನ ಕೈಯಲ್ಲಿ 19 ದಿನ ಹೆಚ್ಚಿವೆ. ಈ ಸಡಿಲಿಕೆಗೆ ಫ್ಲೋಟ್ ಎಂದು ಹೆಸರು. ಮೊದಲ ಸಾಲಿನಲ್ಲಿ ಫ್ಲೋಟ್ ಶೂನ್ಯ. ಅಲ್ಲಿ ಒಂದು ದಿನ ಜಾರಿದರೆ ಗೃಹಪ್ರವೇಶವೂ ಒಂದು ದಿನ ಜಾರುತ್ತದೆ. ಅದೇ ಕ್ರಿಟಿಕಲ್ ಪಾತ್.

ಫ್ಲೋಟ್ ಇದೆಯೆಂದು ಮೈಮರೆಯುವ ಹಾಗಿಲ್ಲ. ಮುಂಗಡ ಕೊಡಲು ತಡಮಾಡಿ, 24 ದಿನ ಕಳೆದ ಮೇಲೆ ಬಡಗಿ ಮರ ಕೊಯ್ಯಲು ಕೂತರೆ ಬಾಗಿಲು ಸಿಗುವುದು 54ನೆಯ ದಿನಕ್ಕೆ. ಆಗ ಬಾಗಿಲ ಸಾಲೇ ಕ್ರಿಟಿಕಲ್ ಆಗಿ, ಒಟ್ಟು ಅವಧಿ 74 ದಿನಕ್ಕೆ ಏರುತ್ತದೆ. ಟೈಲ್ಸ್‌ನವರನ್ನು ಎಷ್ಟು ಅವಸರ ಮಾಡಿದರೂ ಫಲವಿಲ್ಲ.

ಕಾಯುವ ದಿನಗಳು

ಸೆಂಟ್ರಿಂಗ್ ಬಿಚ್ಚಲು ಕಾಯುವ ಆ 14 ದಿನಗಳನ್ನು ದುಡ್ಡು ಕೊಟ್ಟು ಕಡಿಮೆ ಮಾಡಿಸಲು ಹೋಗಬೇಡಿ. ಸಾಮಾನ್ಯ ಸಿಮೆಂಟ್ ಬಳಸಿದಾಗ 4.5 ಮೀಟರ್‌ವರೆಗಿನ ಛಾವಣಿಯ ಆಧಾರ ಕಂಬಗಳನ್ನು ಕನಿಷ್ಠ 7 ದಿನ, ಅದಕ್ಕಿಂತ ಅಗಲವಾದರೆ 14 ದಿನ, 6 ಮೀಟರ್‌ವರೆಗಿನ ಬೀಮುಗಳ ಕೆಳಗೆ 14 ದಿನ ಬಿಡಬೇಕೆಂದು ಭಾರತೀಯ ಮಾನಕ ಐಎಸ್ 456 ಹೇಳುತ್ತದೆ. ಹಾರುಬೂದಿಯಂಥ ಪುಡಿ ಬೆರೆಸಿದ ಪಿಪಿಸಿ ಸಿಮೆಂಟ್ ನಿಧಾನವಾಗಿ ಬಲಗೊಳ್ಳುವುದರಿಂದ ಇನ್ನೂ ಹೆಚ್ಚು ಬೇಕಾಗಬಹುದು. ನಿಮ್ಮ ಎಂಜಿನಿಯರ್ ಹೇಳಿದ್ದೇ ಅಂತಿಮ. ತಲೆಯ ಮೇಲಿನ ಕಾಂಕ್ರೀಟಿನ ವಿಷಯದಲ್ಲಿ ರಾಜಿ ಸಲ್ಲದು.

ಇನ್ನೊಂದು ಸೂಕ್ಷ್ಮ. ಕ್ಯೂರಿಂಗ್‌ಗೆ ಭಾನುವಾರವಿಲ್ಲ, ಕೆಲಸಗಾರರಿಗೆ ಇದೆ. ನಮ್ಮ 69ರಲ್ಲಿ ಕಾಯುವ ದಿನ 21, ದುಡಿಯುವ ದಿನ 48. ವಾರಕ್ಕೊಂದು ರಜೆಯಂತೆ 48 ದಿನದ ಕೆಲಸಕ್ಕೆ ಎಂಟು ವಾರ, ಅಂದರೆ 56 ದಿನ ಹಿಡಿಯಿತು. ಕ್ಯಾಲೆಂಡರಿನಲ್ಲಿ ಅದು ಸುಮಾರು 77 ದಿನ. ಯುಗಾದಿಯೋ ದೀಪಾವಳಿಯೋ ನಡುವೆ ಬಂದರೆ, ಊರಿಗೆ ಹೋದವರು ಹಬ್ಬದ ಮರುದಿನವೇ ಬರುತ್ತಾರೆಂದು ಲೆಕ್ಕ ಹಾಕಬೇಡಿ.

ಒಂದೇ ತಂಡ, ಎರಡು ಗೋಡೆ

ಕಾಗದದ ಮೇಲೆ ಒಳಗಿನ ಮತ್ತು ಹೊರಗಿನ ಪ್ಲಾಸ್ಟರಿಂಗ್ ಒಟ್ಟಿಗೆ ನಡೆಯಬಹುದು. ತಂಡ ಒಂದೇ ಆದರೆ ನಡೆಯುವುದಿಲ್ಲ. ಮೋಡ ನೋಡಿ ಮೇಸ್ತ್ರಿ ತನ್ನವರನ್ನು 10 ದಿನ ಹೊರಗೋಡೆಗೆ ಹಚ್ಚಿದರೆ ಒಳಗಿನ ಸಾಲೆಲ್ಲ 10 ದಿನ ಹಿಂದೆ ಬೀಳುತ್ತದೆ. ಹೆಚ್ಚಿನ ಹಣ ಖರ್ಚು ಮಾಡುವುದಾದರೆ ಇಂಥಲ್ಲಿ ಮಾಡಿ: ಒಳಗಿನ ಪ್ಲಾಸ್ಟರಿಂಗ್‌ಗೆ ಇನ್ನೊಂದು ತಂಡ ತಂದು 12 ದಿನವನ್ನು 8 ಮಾಡಿದರೆ ನಾಲ್ಕು ದಿನ ಉಳಿಯುತ್ತದೆ. ಕ್ರಿಟಿಕಲ್ ಪಾತ್ ಮೇಲೆ ಇಲ್ಲದ ಕಾಂಪೌಂಡ್ ಗೋಡೆಗೆ ನಾಲ್ಕು ಜನ ಹೆಚ್ಚು ಹಾಕಿದರೆ ಕೂಲಿ ಹೋಗುತ್ತದೆ, ತಾರೀಖು ಬದಲಾಗುವುದಿಲ್ಲ.

ಅನುಮಾನಕ್ಕೆಂದು ಪ್ರತಿ ಕೆಲಸಕ್ಕೂ ಎರಡೆರಡು ದಿನ ಸೇರಿಸುವ ರೂಢಿ ಬಿಡಿ. ಆ ದಿನಗಳು ಎಲ್ಲಿ ಕರಗಿದವೆಂದೇ ತಿಳಿಯುವುದಿಲ್ಲ. ಅಷ್ಟನ್ನೂ ಒಟ್ಟುಗೂಡಿಸಿ ಕೊನೆಯಲ್ಲಿ, ಸ್ವಚ್ಛ ಮಾಡಿ ಮುಗಿದ ದಿನಕ್ಕೂ ಮುಹೂರ್ತಕ್ಕೂ ನಡುವೆ ಬಫರ್ ಆಗಿ ಇಡಿ. ಪುರೋಹಿತರಿಗೆ ಆ ಬಫರ್ ದಾಟಿದ ಮೇಲಿನ ತಾರೀಖುಗಳನ್ನೇ ಕೇಳಿ.

ಇಷ್ಟಾದ ಮೇಲೆ ಅಳತೆ ಕಾಗದದಲ್ಲಿ ಪ್ರತಿ ಕೆಲಸಕ್ಕೂ ಅದರ ದಿನಗಳಷ್ಟು ಉದ್ದದ ಅಡ್ಡಪಟ್ಟಿ ಎಳೆಯಿರಿ. ಇದು ಗ್ಯಾಂಟ್ ಚಾರ್ಟ್. ಸೆಂಟ್ರಿಂಗ್ ಬಿಚ್ಚಿದ್ದು, ಟೈಲ್ಸ್ ಮುಗಿದದ್ದು ಮುಂತಾದ ಮೈಲಿಗಲ್ಲುಗಳಿಗೆ ಚುಕ್ಕೆ ಇಡಿ. ಈ ಮೊದಲ ಪ್ರತಿಯೇ ಬೇಸ್‌ಲೈನ್. ಅದನ್ನು ತಿದ್ದದೆ ಎತ್ತಿಟ್ಟು, ಜೆರಾಕ್ಸ್ ಪ್ರತಿಯ ಮೇಲೆ ನಡೆದದ್ದನ್ನು ಗುರುತಿಸುತ್ತಾ ಹೋಗಿ. ಶನಿವಾರದ ಬಟವಾಡೆಯ ಹೊತ್ತು ಇದಕ್ಕೆ ಸರಿಯಾದ ಸಮಯ, ಎಲ್ಲರೂ ಎದುರಿಗಿರುತ್ತಾರೆ. ಎಷ್ಟು ಆಯಿತು ಎಂದು ಕೇಳಿದರೆ ಮುಕ್ಕಾಲು ಆಯಿತು ಎಂಬ ಉತ್ತರ ಬರುತ್ತದೆ. ಇನ್ನೆಷ್ಟು ದಿನ ಬೇಕು ಎಂದು ಕೇಳಿ, ಬಂದ ಸಂಖ್ಯೆಯನ್ನು ಅಲ್ಲೇ ಬರೆದುಕೊಳ್ಳಿ.